ತೊಳೆದ ಗೋಡೆ

“ಗೆರಿ ಎಲ್ಲೈತಿ? ನೀರಿನ ಗೆರಿ ತೋರಸು. ನಿನ್ನ ನಾಗಪ್ಪನ್ನ ನೋಡಾಕ ಬಂದಿಲ್ಲ ನಾ.”

ಹೊಳಿ ನೀರಿನ ನಷ್ಟ ಬರೆದುಕೊಳ್ಳಲು ಬಂದ ಸರಕಾರದ ಅವಿನಾಶ ಸಾಹೇಬ ಹೊಸ್ತಿಲ ಹೊರಗೆ ನಿಂತು ಕೇಳುತ್ತಿದ್ದ. ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಫೈಲು, ಮೂಗಿಗೆ ಕರ್ಚೀಫು. ಒಳಗೆ ನನ್ನ ಹೆಂಡತಿ ಸಾವಕ್ಕ ಗೋಡೆಯ ಪಕ್ಕ ನಿಂತಿದ್ದಳು. ಸುಣ್ಣ ಬಳಿದು ಇನ್ನೂ ಮೂರು ದಿನ, ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ನಾಗಪ್ಪ ಹೆಡೆಯೆತ್ತಿ ಕೂತಿದ್ದ.

“ನಿನ್ನೆ ಪಂಚಮಿ ಇತ್ತಲ್ರಿ ಸಾಹೇಬ್ರ,” ಸಾವಕ್ಕ ಅಂದಳು. “ಹೊಲಸ ಗ್ವಾಡಿ ಇಟಗೊಂಡ ನಾಗಪ್ಪಗ ಹಾಲ ಹೆಂಗ ಎರೀಬೇಕ್ರಿ? ಮಗಳು ಬರಾಕಿ ಇದ್ಲು. ಲಗ್ನಾದ ಮ್ಯಾಲ ಮೊದಲನೇ ಪಂಚಮಿ. ತೊಳದ ಸುಣ್ಣಾ ಹೊಡದ್ನಿ.”

“ತೊಳದಿ? ಶಾಬಾಸ್.” ಅವನು ಜೊತೆಗಿದ್ದ ಸಿಪಾಯಿಯ ಕಡೆ ತಿರುಗಿ, “ಹಿನೇ ಪುರಾವಾಚ್ ಧುವೂನ್ ಟಾಕಲಾ” ಎಂದು ಮರಾಠಿಯಲ್ಲಿ ನಕ್ಕ. ಪುರಾವೆಯನ್ನೇ ತೊಳೆದು ಹಾಕಿದಳಂತೆ.

“ಎದಿಮಟಾ ಬಂದಿತ್ರಿ ನೀರ. ಇಲ್ಲಿತನಾ.” ಸಾವಕ್ಕ ತನ್ನ ಎದೆಗೆ ಅಂಗೈ ಅಡ್ಡ ಹಿಡಿದು ತೋರಿಸಿದಳು.

“ನಿನ್ನ ಎದಿ ಅಳತಿ ತಗೊಂಡ ಏನ ಮಾಡ್ಲಿ ನಾ?”

ಸಿಪಾಯಿ ಕಿಸಕ್ಕೆಂದ. ಸಾವಕ್ಕ ಕೈ ಕೆಳಗಿಳಿಸಿ ಸೆರಗು ಸರಿಮಾಡಿಕೊಂಡಳು. ನಾನು ಅಲ್ಲೇ ಇದ್ದೆ, ಒಲೆಯ ಹತ್ತಿರ. ಹೆಂಡತಿಗೆ ಹೀಗೆ ಅಂದವನ ದವಡೆಗೆ ಬಾರಿಸಬೇಕಾದ ಗಂಡಸು ನಾನು. “ಸಾಹೇಬ್ರ, ಒಂದೀಟ ದಯಾ ಮಾಡ್ರಿ” ಅಂದೆ. ಇಷ್ಟು ವರ್ಷ ಮಹಾರಾಷ್ಟ್ರದ ಈ ಇಚಲಕರಂಜಿಯಲ್ಲಿ ಮಗ್ಗ ಓಡಿಸಿ ನಾನು ಕಲಿತದ್ದು ಈ ಒಂದು ಮಾತು.

ಸಾಹೇಬ ಫೈಲಿನಲ್ಲಿ ನಮ್ಮ ಹೆಸರಿನ ಎದುರು ಒಂದು ಅಡ್ಡಗೀಟು ಎಳೆದು ಪಕ್ಕದ ಮನೆಗೆ ಹೋದ.

ಆ ಕೆಸರಿನ ಗೆರೆಗೆ ಇಷ್ಟು ಬೆಲೆ ಯಾಕೆ ಬಂತು ಎಂಬುದನ್ನು ಹೇಳಬೇಕು. ಈ ವರ್ಷ ನಮಗೆ ಒಂದೂ ನೆಟ್ಟಗಾಗಲಿಲ್ಲ. ಮೇ ತಿಂಗಳ ಬಿಸಿಲಿಗೆ ತಗಡಿನ ಕೆಳಗೆ ಮಗ್ಗ ಓಡಿಸುತ್ತಲೇ ಇಬ್ಬರು ಬವಳಿ ಬಂದು ಬಿದ್ದರು. ಆ ಬಿಸಿಲು ಇಳಿಯುವ ಮೊದಲೇ ಗಾಳಿಮಳೆ ಬಂದು ಅದೇ ತಗಡುಗಳನ್ನು ಹಾರಿಸಿಕೊಂಡು ಹೋಯಿತು. ಜೂನ್ ಕೊನೆಗೆ ಪಂಚಗಂಗೆ ಮನೆಯೊಳಗೆ ಬಂದಳು. ನಾವು ನೆರೆ ಎನ್ನುವುದಿಲ್ಲ, ಹೊಳಿ ಬಂತು ಎನ್ನುತ್ತೇವೆ, ಯಾರೋ ಬೀಗರು ಬಂದ ಹಾಗೆ. ಸರಕಾರಿ ಶಾಲೆಯಲ್ಲಿ ಒಂಬತ್ತು ದಿನ ಕಿಚಡಿ ತಿಂದು ವಾಪಸು ಬಂದೆವು, ಕೆಸರು ಎತ್ತಿದೆವು, ಹಾಸಿಗೆ ಒಣಗಿಸಿದೆವು. ಹಾಸಿಗೆಯ ಅರಳೆ ಪೂರ್ತಿ ಒಣಗಿರಲಿಲ್ಲ, ಮೂರು ವಾರಕ್ಕೆ ಹೊಳಿ ಮತ್ತೆ ಬಂತು. ಮತ್ತೆ ಅದೇ ಶಾಲೆ, ಅದೇ ಕಿಚಡಿ.

ಅಷ್ಟರಲ್ಲಿ ಒಂದು ಸುದ್ದಿ ಹುಟ್ಟಿತು. ಶಹಾಪುರದ ಆಚೆ ಎತ್ತರದ ಮಾಳದ ಮೇಲೆ ಸಿಮೆಂಟಿನ ಮನೆಗಳು ತಯಾರಾಗುತ್ತಿವೆ, ಸಂಕ್ರಾಂತಿಗೆ ಕೀಲಿಕೈ ಕೊಡುತ್ತಾರೆ, ಆದರೆ ಒಂದೇ ವರ್ಷದಲ್ಲಿ ಎರಡು ಸಲ ನೀರು ಹೊಕ್ಕ ಮನೆಯವರಿಗೆ ಮಾತ್ರ. ಮೊದಲ ಸಲದ್ದು ನಮ್ಮ ಹೆಸರಲ್ಲಿ ಬರೆದಾಗಿತ್ತು. ಎರಡನೆಯ ಸಲದ್ದಕ್ಕೆ ಗೋಡೆಯ ಮೇಲಿನ ಗೆರೆ ನೋಡಿ ಪಂಚನಾಮೆ ಮಾಡುತ್ತಾರೆ ಎಂಬುದು ಸಾಹೇಬ ಬಂದು ನಿಂತ ಮೇಲೆ ನಮಗೆ ತಿಳಿಯಿತು. ಅದಕ್ಕೂ ಮೊದಲು ನಮ್ಮ ಓಣಿಯ ಹನ್ನೊಂದು ಮನೆಯ ಹೆಂಗಸರು ಪಂಚಮಿಯೆಂದು ಗೋಡೆ ತಿಕ್ಕಿ ತೊಳೆದಿದ್ದರು. ನದಿ ಎಷ್ಟು ಸಲ ಬಂದರೂ ಪಂಚಮಿ ಪಂಚಮಿಯೇ. ಅಳ್ಳು ಹುರಿಯಬೇಕು, ಉಂಡಿ ಕಟ್ಟಬೇಕು, ಮನೆಗೆ ಬಂದ ಮಗಳು ಮೂಗು ಮುಚ್ಚಿಕೊಳ್ಳಬಾರದು.

ಪಕ್ಕದ ಮನೆ ಸಂಘಪಾಲನದು. ಅವರು ಬೌದ್ಧರು, ಪಂಚಮಿ ಮಾಡುವುದಿಲ್ಲ. ಅವನ ಹೆಂಡತಿ ಪೂನಮ ಹೊಲಿಗೆಯ ಕಾರ್ಖಾನೆಗೆ ಹೋಗುವವಳು, ಗೋಡೆ ತೊಳೆಯಲು ಪುರುಸೊತ್ತಿಲ್ಲ. ಪಂಚಮಿಯ ಎರಡು ದಿನ ಮೊದಲು ಸಾವಕ್ಕ ಸುಣ್ಣದ ಬಕೆಟು ಹಿಡಿದುಕೊಂಡೇ ಅವಳಿಗೆ ಅಂದಿದ್ದಳು: “ನಿಮಗ ವಾಸನಿ ಬಡಿಯೂದಿಲ್ಲೇನ ಪೂನಮ? ಒಂದ ಕೊಡಾ ನೀರ ಗೊಜ್ಜೂದಲ್ಲೇನ ಗ್ವಾಡಿಗೆ.” ಆ ಮನೆಯವರ ಜೊತೆ ನಾವು ಯಾವಾಗಲೂ ಮಾತಾಡುವ ದನಿಯೇ ಅದು. ನಮಗಿಂತ ಕೆಳಗೆ ಒಬ್ಬರು ಇದ್ದಾರಲ್ಲ ಎಂಬ ಸಮಾಧಾನ ನಮಗೂ ಬೇಕಿತ್ತು.

ಈಗ ಆ ತೊಳೆಯದ ಗೋಡೆಯ ಮೇಲೆ ಗೆರೆ ಎದ್ದು ಕಾಣುತ್ತಿತ್ತು. ಸಾಹೇಬ ಅವರ ಮನೆಯ ಒಳಗೂ ಕಾಲಿಡಲಿಲ್ಲ. ಟೇಪಿನ ತುದಿಯನ್ನು ಹೊಸ್ತಿಲಿಂದಲೇ ಎಸೆದು, “ನೀನಽ ಅಳದ ಹೇಳು” ಅಂದ.

“ನಾಕ ಫೂಟ ಎರಡ ಇಂಚ,” ಸಂಘಪಾಲ ಒಳಗಿನಿಂದ ಹೇಳಿದ. ಸಾಹೇಬ ಬರೆದುಕೊಂಡ.

ಸಂಘಪಾಲ ಟೇಪು ವಾಪಸು ಕೊಡುತ್ತ, ನನ್ನ ಕಡೆ ಕೈಮಾಡಿ ಕೇಳಿದ, “ಸಾಹೇಬ, ಇದು ಒಂದಽ ಗ್ವಾಡಿ. ಈ ಮಗ್ಗಲ ನಂದು, ಆ ಮಗ್ಗಲ ಹಣಮಂತಂದು. ಈ ಕಡೆ ನಾಕ ಫೂಟ ನೀರ ನಿಂತಾಗ ಆ ಕಡೆ ಏನ ನಿಮ್ಮಜ್ಜ ಅಡ್ಡ ನಿಂತಿದ್ನೇನ?”

“ನಾ ಮನಿ ಬರೀತೇನಿ, ಗ್ವಾಡಿ ಬರಿಯೂದಿಲ್ಲ. ನಿನಗ ಸಿಕ್ಕೈತಿಲ್ಲೋ, ಬಾಯಿ ಮುಚ್ಚು. ನಿಮ್ಮಂಥಾವ್ರಿಗೆ ಹೆಂಗಿದ್ರೂ ಎಲ್ಲಾ ಕಡೆ ಸಿಗತೈತಿ. ಭಾಳ ಮಾತಾಡಿದ್ರ ನಿಂದೂ ಹೊಡದ ಹಾಕ್ತೇನಿ ನೋಡ.”

ಪೂನಮ ಬಾಗಿಲಲ್ಲಿ ನಿಂತು ಸಾವಕ್ಕನನ್ನು ನೋಡಿದಳು. ಅವಳು ಆಡಬಹುದಾದ ಮಾತು ನನಗೆ ಗೊತ್ತಿತ್ತು, ಸಾವಕ್ಕನಿಗೂ ಗೊತ್ತಿತ್ತು. ಅವಳು ಆಡಲಿಲ್ಲ.

ಇನ್ನು ನನ್ನ ಮಹಾಕಾರ್ಯ. ಸಾವಕ್ಕ ಮನೆಯ ಗೋಡೆ ತೊಳೆಯುತ್ತಿದ್ದ ದಿನ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಅದನ್ನು ಹೇಳಲೇಬೇಕು.

ನಮ್ಮ ಓಣಿ ಮೆಟ್ಟಿಲು ಮೆಟ್ಟಿಲಾಗಿ ಹೊಳೆಗೆ ಇಳಿಯುತ್ತದೆ. ಓಣಿಯ ತಲೆಗೆ, ಎತ್ತರದಲ್ಲಿ, ನಾನು ದುಡಿಯುವ ಸಿದ್ಧಲಿಂಗಣ್ಣನ ಕಾರ್ಖಾನೆ. ಇಪ್ಪತ್ನಾಲ್ಕು ಕರೆಂಟಿನ ಮಗ್ಗ. ಅವನೂ ಕನ್ನಡದವನೇ, ನನ್ನಪ್ಪನ ಕಾಲದಲ್ಲಿ ಚಿಕ್ಕೋಡಿ ಕಡೆಯಿಂದ ಬಂದ ಮನೆತನ. ‘ನಮ್ಮ ಮಂದಿ’ ಎನ್ನದೆ ಬಾಯಿ ತೆರೆಯುವುದಿಲ್ಲ. ಎರಡನೆಯ ಸಲ ಹೊಳಿ ಬಂದಾಗ ನಮ್ಮ ಮಂದಿಯನ್ನು ಮೂರು ದಿನ ಕಾರ್ಖಾನೆಯಲ್ಲೇ ನಿಲ್ಲಿಸಿಕೊಂಡ. ಕೆಳಗೆ ನಮ್ಮ ಮನೆಗಳಲ್ಲಿ ಹಿಟ್ಟಿನ ಡಬ್ಬಿಗಳು ತೇಲುತ್ತಿದ್ದವು, ಮೇಲೆ ನಾವು ಅವನ ಮೋಟಾರು ಬಿಚ್ಚಿ ಅಟ್ಟಕ್ಕೆ ಏರಿಸುತ್ತಿದ್ದೆವು. ನಡುವೆ ಒಮ್ಮೆ ಓಡಿ ಹೋಗಿ, ಬಾಗಿಲಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು, ಸಾವಕ್ಕ ಕೊಟ್ಟ ಟ್ರಂಕನ್ನು ತಲೆಯ ಮೇಲೆ ಹೊತ್ತು ಶಾಲೆಗೆ ಮುಟ್ಟಿಸಿ ಬಂದೆ. ಅದಕ್ಕೆ ಅರ್ಧ ದಿನದ ಪಗಾರ ಹಿಡಿದ.

ಅವನ ಕಾರ್ಖಾನೆಯಲ್ಲಿ ನೀರು ಮೊಳಕಾಲು ಮುಟ್ಟಿತ್ತು, ಅಷ್ಟೇ. ಒಂದು ಮೋಟಾರೂ ತೊಯ್ಯಲಿಲ್ಲ. ನೀರು ಇಳಿದ ಮೇಲೆ ನಾವು ಗೋಡೆ ತೊಳೆಯಲು ಪೈಪು ಹಿಡಿದರೆ ಅವನು ಓಡಿ ಬಂದ.

“ಏ ಹಣ್ಮ್ಯಾ, ಮುಟ್ಟಬ್ಯಾಡ್ರಲೇ ಸೂಳೇಮಕ್ಕಳ. ಆ ಗೆರಿ ಅಂದ್ರ ಲಕ್ಷ್ಮಿ.”

ಆಮೇಲೆ ಗೆರೆಯನ್ನು ಬಗ್ಗಿ ನೋಡಿದ. ಸೊಂಟದ ಮೇಲೆ ಕೈಯಿಟ್ಟು ವಿಚಾರ ಮಾಡಿದ. “ಇಷ್ಟಽ ನೀರಿಗೆ ಯಾಂವ ಏನ ಪರಿಹಾರ ಕೊಡ್ತಾನ? ಕೆಳಗಿಂದ ಹೊಳಿ ಕೆಸರ ತರ್ರಿ. ಎದಿಮಟಾ ಏರಸ್ರಿ.”

ನಾವು ನಾಲ್ವರು ಬುಟ್ಟಿಯಲ್ಲಿ ಕೆಸರು ಹೊತ್ತೆವು. ಅಟ್ಟದ ಮೇಲೆ ತೊಯ್ಯದೆ ಉಳಿದ ಮೋಟಾರುಗಳನ್ನು ಇಳಿಸಿ, ಅವುಗಳ ಮೈಗೂ ಕೆಸರು ಬಳಿದೆವು. ಗೋಡೆಯ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ನೂಲು ಹಿಡಿದು ಮಟ್ಟ ನೋಡಿ, ಕಸಬಾರಿಗೆಯಿಂದ ಕೆಸರು ಚಿಮುಕಿಸಿ, ಮೇಲಿನ ಅಂಚನ್ನು ಬೆರಳಿನಿಂದ ತೀಡಿದೆ. ನೇಕಾರನ ಕೈ, ಗೆರೆ ಎಲ್ಲೂ ಸೊಟ್ಟ ಹೋಗಲಿಲ್ಲ. ಸಿದ್ಧಲಿಂಗಣ್ಣ ನನ್ನ ಬೆನ್ನು ಚಪ್ಪರಿಸಿ, “ಹೊಳೀನೂ ಇಷ್ಟ ಚಂದ ಎಳಿಯೂದಿಲ್ಲಲೇ” ಅಂದ. ನಾಚಿಕೆಯ ಮಾತೆಂದರೆ, ನನಗೆ ಖುಷಿಯಾಯಿತು.

ಸಂಜೆ ಮನೆಗೆ ಇಳಿದು ಬಂದರೆ ಸಾವಕ್ಕ ಸುಣ್ಣ ಬಳಿದು ಮುಗಿಸಿದ್ದಳು. ಸುಣ್ಣ ತಿಂದು ಅವಳ ಬೆರಳ ಸಂದಿಗಳು ಕೆಂಪಾಗಿದ್ದವು. “ಹೆಂಗಾಗೇತಿ?” ಎಂದು ಕೇಳಿದಳು. “ಚಂದ ಆಗೇತಿ” ಅಂದೆ. ಇಡೀ ದಿನ ಒಂದು ಸುಳ್ಳು ಗೆರೆಯನ್ನು ಲಕ್ಷ್ಮಿಯೆಂದು ಎಳೆದು ಬಂದವನಿಗೆ, ನನ್ನ ಗೋಡೆಯ ನಿಜವಾದ ಗೆರೆಗೂ ಏನಾದರೂ ಬೆಲೆ ಇದ್ದೀತು ಎಂದು ಹೊಳೆಯಲೇ ಇಲ್ಲ. ಬಡವನ ಮನೆಯ ಕೆಸರು ಬರೀ ಕೆಸರು ಎಂದೇ ನಾನೂ ತಿಳಿದಿದ್ದೆ.

ಪಂಚಮಿಗೆ ಮಗಳು ವೃಷಾಲಿ ಬಂದಳು. ಅವಳ ಗಂಡ ಶಿರೋಳಿಯ ಫೌಂಡ್ರಿಯೊಂದರಲ್ಲಿ ದುಡಿಯುತ್ತಾನೆ. ಕರೆದುಕೊಂಡು ಬಂದವಳು ಅತ್ತೆ ಬಯಾಬಾಯಿ. ವೃಷಾಲಿಗೆ ಮೂರು ತಿಂಗಳು. ಬಯಾಬಾಯಿ ಕೆಟ್ಟ ಹೆಂಗಸಲ್ಲ. ಶೇಂಗಾ ಉಂಡಿ ತಿಂದು, ಮನೆಯನ್ನೆಲ್ಲ ಕಣ್ಣಾಡಿಸಿ, ಸುಣ್ಣದ ಗೋಡೆಗೆ ಅಂಗೈಯೊತ್ತಿ ನೋಡಿದಳು.

“ಮನಿ ಚೊಕ್ಕ ಇಟ್ಟೀರಿ, ಖರೆ. ಆದ್ರ ಹೇಳತೇನಿ, ಸಿಟ್ಟ ಆಗಬ್ಯಾಡ್ರಿ. ಬಾಣಂತನಕ್ಕ ಕಳಸಾಂಗಿಲ್ರಿ ಇಲ್ಲಿ. ಹೊಳಿ ನೀರ ಕುಡದ ಗ್ವಾಡಿ ವರ್ಷಗಟ್ಟಲೆ ತಂಪ ಬಿಡೂದಿಲ್ಲ. ಹಸಗೂಸಿನ ಎದಿ ಕಟ್ಟತೈತಿ.”

“ಮಾಳದ ಮ್ಯಾಲ ಮನಿ ಸಿಗತೈತ್ರಿ ನಮಗ,” ಸಾವಕ್ಕ ಅವಸರದಿಂದ ಅಂದಳು. “ಎರಡ ಸಲಾ ನೀರ ಹೊಕ್ಕೈತ್ರಿ. ಯಾದ್ಯಾಗ ಹೆಸರ ಹತ್ತತೈತಿ.”

“ಹತ್ತಲಿ. ಹತ್ತಿದ ಮ್ಯಾಲ ಕರಕೊಂಡ ಬರ್ರಿ.”

ಅದರ ಮರುದಿನವೇ ಅವಿನಾಶ ಸಾಹೇಬ ಬಂದು ಅಡ್ಡಗೀಟು ಎಳೆದದ್ದು. ವೃಷಾಲಿ ಆಗ ಒಳಕೋಣೆಯಲ್ಲಿದ್ದಳು. ಎಲ್ಲ ಕೇಳಿಸಿಕೊಂಡಳು. ಮಧ್ಯಾಹ್ನ ಊಟ ಮಾಡದೆ ಅತ್ತೆಯ ಜೊತೆ ಬಸ್ಸು ಹತ್ತಿದಳು.

ನಾನೂ ಸಾವಕ್ಕನೂ ಸಾಹೇಬನ ಕಚೇರಿಗೆ ಹೋದೆವು. ಎರಡು ಗಂಟೆ ವರಾಂಡದಲ್ಲಿ ಕುಕ್ಕರುಗಾಲಲ್ಲಿ ಕೂತೆವು. ಒಳಗೆ ಕರೆದಾಗ ಸಾಹೇಬ ಫೋನಿನಲ್ಲಿ ಯಾರದೋ ಮದುವೆಯ ವಿಡಿಯೊ ನೋಡುತ್ತಿದ್ದ. ಗಡಹಿಂಗ್ಲಜ ಕಡೆಯವನು, ಮನೆಯಲ್ಲಿ ಅಜ್ಜಿ ಕನ್ನಡ ಆಡುತ್ತಿದ್ದಳಂತೆ. ಆ ಅಜ್ಜಿಯಿಂದ ಕಲಿತದ್ದೆಲ್ಲ ನಮ್ಮನ್ನು ಬೈಯುವುದಕ್ಕೆ ಖರ್ಚು ಮಾಡುತ್ತಿದ್ದ.

“ಮತ್ತ ಬಂದಿರಾ? ಒರಸಿದಾಕಿ ಯಾರು? ನಾ ಒರಸೇನೇನು?”

“ಮಂದಿ ಕೇಳ್ರಿ ಸಾಹೇಬ್ರ,” ನಾನು ಅಂದೆ. “ಇಡೀ ಓಣಿ ಹೇಳತೈತಿ.”

“ಇಡೀ ಓಣಿಗೆ ಮನಿ ಬೇಕಾಗೈತಿ. ಯಾಂವ ಇಲ್ಲ ಅಂತಾನ?”

“ಶಾಳ್ಯಾಗ ಇದ್ದವ್ರ ಹೆಸರ ಬರಕೊಂಡಿದ್ರಲ್ರಿ.”

“ಕಿಚಡಿ ತಿನ್ನಾಕ ಒಣಾ ಮನಿಯಾವ್ರೂ ಬಂದ ಕುಂದರತಾರ.” ಅವನು ಮೊದಲ ಸಲ ಫೋನಿನಿಂದ ಕಣ್ಣು ತೆಗೆದ. “ನಿನ್ನ ಮಾಲಕನ ಕಡೆಯಿಂದ ಚಿಟ್ಠಿ ತಗೊಂಡ ಬಾ. ಮನ್ಯಾಗ ನೀರ ಹೊಕ್ಕಿತ್ತು ಅಂತ ಲೆಟರ್‌ಹೆಡ್ ಮ್ಯಾಲ ಬರಕೊಡಲಿ. ಶಾಣ್ಯಾ ಮನಷಾ ಅಂವ, ಅವನ ಮಾತಿಗೆ ಕಿಮ್ಮತ್ತ ಐತಿ.”

ವಾಪಸು ಬರುವಾಗ ದಾರಿಯಲ್ಲಿ ನಾನು ಸಾವಕ್ಕನಿಗೆ ಆ ಶಾಣ್ಯಾ ಮನುಷ್ಯನ ಗೋಡೆಯ ಕತೆ ಹೇಳಿದೆ. ಅಲ್ಲಿಯವರೆಗೆ ಹೇಳಿರಲಿಲ್ಲ. ಅವಳು ರಸ್ತೆಯ ನಡುವೆಯೇ ನಿಂತುಬಿಟ್ಟಳು. ಹಿಂದಿನಿಂದ ಟೆಂಪೊದವನು ಹಾರ್ನ್ ಹೊಡೆದ.

“ಅವನ ಗ್ವಾಡ್ಯಾಗ ಇಲ್ಲದ ಗೆರಿ ಎಳದ ಬಂದಿ,” ಅಂದಳು. “ನಾ ನಮ್ಮದು ಇದ್ದದ್ದ ಒರಸಿದ್ರ ಚಂದ ಆಗೇತಿ ಅಂದಿ.”

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮನೆಯವರೆಗೂ ನನ್ನಿಂದ ಹತ್ತು ಹೆಜ್ಜೆ ಮುಂದೆ ನಡೆದಳು.

ಸಿದ್ಧಲಿಂಗಣ್ಣ ಚಿಟ್ಠಿಯ ಮಾತು ಕೇಳಿ ದೊಡ್ಡದಾಗಿ ನಕ್ಕ. “ಚಿಟ್ಠಿ ಏನ ದೊಡ್ಡದಲೇ? ನಮ್ಮ ಮಂದಿಗೆ ನಾ ಕೊಡದಽ ಮತ್ಯಾರ ಕೊಡಬೇಕು? ಶುಕ್ರವಾರ ಅದಽ ಸಾಹೇಬ ಇಲ್ಲಿ ಪಂಚನಾಮೆಗೆ ಬರ್ತಾನ. ಪಂಚ ಅಂತ ನೀ ಸಹಿ ಮಾಡ. ಎದಿಮಟಾ ನೀರ ಇತ್ತು, ಮೋಟಾರ ಎಲ್ಲಾ ಮುಳಗಿದ್ವು, ನಾ ಕಣ್ಣಲೆ ನೋಡೇನಿ ಅಂತ. ಸಹಿ ಮುಗೀಲಿ, ಚಿಟ್ಠಿ ಕೈಯಾಗ ಕೊಡ್ತೇನಿ.”

“ಅಣ್ಣಾ, ಅದು ಖೋಟಾ ಅಲ್ಲೇನ್ರಿ. ನಾಳೆ ಗೊತ್ತಾದ್ರ ನಾ ಸಿಗತೇನಿ.”

“ಗೆರಿ ಎಳದಾಂವ ಯಾರು?” ನಗು ಹಾಗೆಯೇ ಇತ್ತು, ದನಿ ಮಾತ್ರ ಬೇರೆಯಾಯಿತು. “ನಾನೇನ? ನೀ ಈಗಲೂ ಸಿಕ್ಕಽ ಇದ್ದಿ.”

ಮನೆಗೆ ಬಂದು ಸಾವಕ್ಕನಿಗೆ ಹೇಳಿದೆ. ಅವಳು ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಎಂದೂ ಸುಳ್ಳು ಆಡದ ಹೆಂಗಸು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು, “ಮಾಡ. ಸುಳ್ಳಿಗೆ ಸಹಿ ಹಾಕಿದ್ರಽ ಖರೇದಕ್ಕ ಚಿಟ್ಠಿ ಸಿಗತೈತಿ ಅಂದ್ರ ಹಾಕ. ನನ್ನ ಮಗಳು ಬಾಣಂತನಕ್ಕ ತವರಿಗೆ ಬರಬೇಕು. ಮುಂದಿಂದ ಮುಂದ.”

ಬುಧವಾರದಿಂದ ಮಳೆ ಹಿಡಿಯಿತು. ಶುಕ್ರವಾರ ಬೆಳಿಗ್ಗೆ ಆಟೊಗೆ ಸ್ಪೀಕರು ಕಟ್ಟಿಕೊಂಡು ಒಬ್ಬ ಕೂಗುತ್ತ ಹೋದ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ನದಿ ದಂಡೆಯ ಜನ ಜಾಗ ಖಾಲಿ ಮಾಡಬೇಕು. ಮೂರನೆಯ ಸಲ. ಓಣಿಯಲ್ಲಿ ಯಾರೂ ಓಡಲಿಲ್ಲ. ಸಾಮಾನು ಕಟ್ಟುವ ಕೈಗಳಿಗೂ ಬೇಸರ ಬಂದಿತ್ತು. ನಾವು ಕಾರ್ಖಾನೆಗೆ ಹೊರಟಾಗ ಹೊಳಿ ನಮ್ಮ ಮನೆಯ ಹೊಸ್ತಿಲಿಗೆ ಒಂದು ಮೆಟ್ಟಿಲು ಕೆಳಗಿತ್ತು.

“ಮೊದಲ ಸಾಮಾನ ಎತ್ತೂಣು,” ನಾನು ಅಂದೆ.

“ಮೊದಲ ಚಿಟ್ಠಿ,” ಸಾವಕ್ಕ ಅಂದಳು.

ಕಾರ್ಖಾನೆಯಲ್ಲಿ ಸಾಹೇಬನಿಗೆ ಕುರ್ಚಿ ಹಾಕಿದ್ದರು. ಮಳೆಯಲ್ಲಿ ತೊಯ್ದ ಬೂಟುಗಳನ್ನು ಒರೆಸಲು ಬಟ್ಟೆ, ಕಪ್ಪು ಬಸಿಯಲ್ಲಿ ಚಹಾ, ತಾಟಿನಲ್ಲಿ ಖಾರಿ ಬಿಸ್ಕೀಟು. ನಮ್ಮ ಮನೆಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡಿದ್ದವನು ಇಲ್ಲಿ ಅದೇ ಹೊಳೆಯ ಕೆಸರಿನ ಪಕ್ಕ ಕೂತು ಖಾರಿ ಅದ್ದಿಕೊಂಡು ತಿನ್ನುತ್ತಿದ್ದ. ಗೋಡೆಯತ್ತ ಕತ್ತು ತಿರುಗಿಸಲೂ ಇಲ್ಲ. ಟೇಪನ್ನು ನನ್ನ ಕಡೆ ಎಸೆದ.

“ಅಳಿ. ಎಷ್ಟೈತಿ?”

ನಾನು ಟೇಪಿನ ತುದಿಯನ್ನು ನೆಲಕ್ಕೆ ಮೆಟ್ಟಿ, ಗೆರೆಯವರೆಗೆ ಎಳೆದೆ. ನೋಡಿದೆ. ಇನ್ನೊಮ್ಮೆ ನೋಡಿದೆ.

“ನಾಕ ಫೂಟ ಎರಡ ಇಂಚ,” ಅಂದೆ.

ಸಂಘಪಾಲನ ಗೋಡೆಯ ಅಳತೆ. ಎಂದರೆ ನನ್ನ ಗೋಡೆಯ ಅಳತೆ. ಗೆರೆ ಎಳೆಯುವ ದಿನ ಸಿದ್ಧಲಿಂಗಣ್ಣ ಎದೆಮಟ್ಟ ಅಂದಿದ್ದ. ನನ್ನ ಮನೆಯ ಬಾಗಿಲಲ್ಲಿ ಟ್ರಂಕು ಹೊತ್ತು ನಿಂತಾಗ ನೀರು ನನ್ನ ಎದೆಗೆ ಎಲ್ಲಿ ತಾಗಿತ್ತೋ ಅಲ್ಲಿಗೇ ನನ್ನ ಕೈ ಹೋಗಿತ್ತು. ನನ್ನ ಮನೆಯ ನೀರನ್ನು ನಾನೇ ಹೊತ್ತು ತಂದು ಅವನ ಗೋಡೆಗೆ ಬಳಿದಿದ್ದೆ. 

ಸಾಹೇಬ ಬರೆದುಕೊಂಡು ಕಾಗದವನ್ನು ಮುಂದೆ ಸರಿಸಿದ. “ಇಲ್ಲಿ ಸಹಿ.”

“ಮೊದಲ ಚಿಟ್ಠಿ ಕೊಡ್ರಿ ಅಣ್ಣಾ,” ಬಾಗಿಲ ಹತ್ತಿರ ನಿಂತಿದ್ದ ಸಾವಕ್ಕ ಅಂದಳು.

“ಕೊಡ್ತೇನ ತಾಯಿ, ಓಡಿ ಹೋಗತೇನೇನ?” ಸಿದ್ಧಲಿಂಗಣ್ಣ ಕಿಸೆಯಿಂದ ಮಡಿಚಿದ ಕಾಗದ ತೆಗೆದುಕೊಟ್ಟ. ಮೇಲೆ ಬಸವಣ್ಣನ ಚಿತ್ರ, ಕಾರ್ಖಾನೆಯ ಹೆಸರು, ಕೆಳಗೆ ಮರಾಠಿಯಲ್ಲಿ ಟೈಪು ಮಾಡಿದ ನಾಲ್ಕು ಸಾಲು. ಸಾವಕ್ಕನಿಗೆ ಓದಲು ಬರುವುದಿಲ್ಲ. ನನ್ನ ಕೈಗೆ ಕೊಟ್ಟಳು. ನಾನು ಓದಿದೆ.

ಸದರಿ ಕಾಮಗಾರ ಹಣಮಂತ ನೆರೆಯ ಮೂರೂ ದಿನ ಹಗಲಿರುಳು ಕಾರ್ಖಾನೆಯಲ್ಲಿ ಹಾಜರಿದ್ದು, ಮುಳುಗುತ್ತಿದ್ದ ಯಂತ್ರಗಳನ್ನು ಉಳಿಸಲು ಶ್ರಮಿಸಿದ್ದಾನೆ. ಅಷ್ಟೇ. ಮನೆಯ ಮಾತೇ ಇಲ್ಲ.

“ಅಣ್ಣಾ, ಮನಿದು ಬರದಽ ಇಲ್ಲಲ್ರಿ ಇದರಾಗ.”

“ನಿನ್ನ ಮನ್ಯಾಗ ನಾ ಬಂದ ನೋಡೇನೇನ? ನಾ ನೋಡಿದ್ದ ಬರದೇನಿ. ಖೋಟಾ ಬರಿಯೂ ಮನಷಾ ಅಲ್ಲ ನಾ.”

ಸಾಹೇಬ ಕೈ ಚಾಚಿ ಚಿಟ್ಠಿ ತೆಗೆದುಕೊಂಡು ಓದಿ ಹುಬ್ಬೇರಿಸಿದ. “ಮೂರೂ ದಿನಾ ಇಲ್ಲೇ ಇದ್ದಿ? ಹಂಗಂದ್ರ ನಿನ್ನ ಮನ್ಯಾಗ ನೀರ ಬಂದಽ ಇಲ್ಲ. ತನ್ನ ಮನಿ ಮುಳಗೂ ಮುಂದ ಯಾಂವ ಮಂದಿ ಮೋಟಾರ ಎತ್ತಕೋತ ಕುಂದರತಾನ?”

ಇಡೀ ಇಚಲಕರಂಜಿಯಲ್ಲಿ ಆ ಪ್ರಶ್ನೆಗೆ ನನ್ನಷ್ಟು ಚೆನ್ನಾಗಿ ಉತ್ತರ ಗೊತ್ತಿದ್ದವನು ಇನ್ನೊಬ್ಬನಿರಲಿಲ್ಲ. 

“ಸಹಿ ಮಾಡಲೇ,” ಸಿದ್ಧಲಿಂಗಣ್ಣ ಪೆನ್ನು ಕೊಟ್ಟ. “ಸಾಹೇಬ್ರಿಗೆ ಹೊತ್ತಾಗೈತಿ.”

ನಾನು ಪೆ‌ನ್ನನ್ನು ಕೆಳಗಿಟ್ಟೆ. ಹೆಬ್ಬೆರಳಿಗೆ ಉಗುಳು ಹಚ್ಚಿ ಗೋಡೆಯ ಗೆರೆಯನ್ನು ಉಜ್ಜಿದೆ. ಸುಮ್ಮನೆ ಚಿಮುಕಿಸಿದ ಕೆಸರು, ನೀರಿನಲ್ಲಿ ನೆನೆದು ಕೂತದ್ದಲ್ಲ. ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಬಣ್ಣ ಹಾಗೆಯೇ ಇತ್ತು.

“ಸಾಹೇಬ್ರ, ಇದನ್ನ ಹಚ್ಚಿದಾಂವ ನಾ. ಇಲ್ಲಿ ನೀರ ಮೊಳಕಾಲ ಮಟಾ ಬಂದಿತ್ತು. ಒಂದೂ ಮೋಟಾರ ಮುಳಗಿಲ್ಲ. ಬೇಕಂದ್ರ ಬಟನ್ ಒತ್ತಿ ನೋಡ್ರಿ, ತಿರಗತಾವ.”

ಸಿದ್ಧಲಿಂಗಣ್ಣ ನನ್ನ ಕೆನ್ನೆಗೆ ಹೊಡೆದ. ಉಂಗುರ ತಾಗಿ ತುಟಿ ಒಡೆಯಿತು. “ಅನ್ನಾ ತಿಂದ ಮನಿಗೆ ಹೇತ ಹೋಗತಿ ಏನಲೇ ಬಾಡ್ಯಾ? ನಾಳಿಂದ ಈ ಊರಾಗ ಯಾವ ಮಗ್ಗದ ಮುಂದ ನಿಲ್ತಿ ನೋಡ್ತೇನಿ.”

ಸಾಹೇಬ ನನ್ನನ್ನೂ ನೋಡಲಿಲ್ಲ, ಗೋಡೆಯನ್ನೂ ನೋಡಲಿಲ್ಲ. “ದುಸರಾ ಪಂಚ ಬೋಲವಾ” ಅಂದ, ಬೇರೆ ಪಂಚನನ್ನು ಕರೆಯಿರಿ ಅಂತ. ಚಹಾದ ಕೊನೆಯ ಗುಟುಕು ಕುಡಿದ. ಅಷ್ಟು ಹೇಳಿಯೂ ಏನೂ ಆಗಲಿಲ್ಲ. ನನ್ನ ನಿಜಕ್ಕೆ ನನ್ನ ಸುಳ್ಳಿಗಿದ್ದಷ್ಟು ಬೆಲೆಯೂ ಇರಲಿಲ್ಲ.

ಆಗ ಸಾವಕ್ಕ ಮುಂದೆ ಬಂದಳು. ನನ್ನ ಕೈಯಲ್ಲಿ ಇನ್ನೂ ಇದ್ದ ಟೇಪನ್ನು ಕಿತ್ತುಕೊಂಡು, ಸೊಂಟಕ್ಕೆ ಸಿಕ್ಕಿಸಿ, ಹೊರಗೆ ನಡೆದಳು.

“ಏ, ಟೇಪ್,” ಸಾಹೇಬ ಕುರ್ಚಿಯಿಂದ ಎದ್ದ. “ಸರಕಾರೀ ಟೇಪ್ ಆಹೇ ತೀ. ಕೊಡ ಇಲ್ಲಿ.”

“ಸರಕಾರದ್ದಂದ್ರ ನಮ್ಮ ಮನಿಗೂ ಬರಬೇಕಲ್ಲರಿ,” ಸಾವಕ್ಕ ತಿರುಗಿ ನೋಡದೆ ಅಂದಳು. “ಬರ್ರಿ. ಅಲ್ಲೇ ಕೊಡ್ತೇನಿ.”

ಅವಳು ಮೆಟ್ಟಿಲು ಇಳಿದಳು. ಸಾಹೇಬ ಛತ್ರಿ ಬಿಟ್ಟು ಅವಳ ಹಿಂದೆ ಓಡಿದ. ಸಿಪಾಯಿ ಛತ್ರಿ ಹಿಡಿದು ಸಾಹೇಬನ ಹಿಂದೆ ಓಡಿದ. ನಾನು ತುಟಿಯ ರಕ್ತ ಒರೆಸಿಕೊಳ್ಳುತ್ತ ಅವರ ಹಿಂದೆ ಹೋದೆ. ಓಣಿಯಲ್ಲಿ ಹೆಂಗಸರು ಕೊಡ, ಹಾಸಿಗೆ, ಗ್ಯಾಸಿನ ಸಿಲಿಂಡರು ಹೊತ್ತು ಶಾಲೆಯ ಕಡೆ ಮೇಲೇರುತ್ತಿದ್ದರು. ಸಾವಕ್ಕ ಒಬ್ಬಳೇ ಕೆಳಗೆ ಇಳಿಯುವುದನ್ನು ನೋಡಿ ನಿಂತರು. ಪೂನಮ ತಲೆಯ ಮೇಲಿನ ಗಂಟು ಇಳಿಸಿ ಕೇಳಿದಳು, “ಎಲ್ಲಿಗಿ ಹೊಂಟೀರಿ ಅಕ್ಕಾ?”

“ಸಾಹೇಬ್ರು ಅಳೀತಾರಂತ,” ಸಾವಕ್ಕ ಅಂದಳು.

ಹೊಳಿ ಅಷ್ಟರಲ್ಲಿ ನಮ್ಮ ಹೊಸ್ತಿಲು ದಾಟಿತ್ತು. ಸಾವಕ್ಕ ಸೀರೆ ಎತ್ತಿಕೊಳ್ಳದೆ ಹಾಗೆಯೇ ನೀರಿಗಿಳಿದಳು. ಬಾಗಿಲಲ್ಲಿ ಮೊಳಕಾಲು ಮುಳುಗಿತು, ಒಳಗೆ ಹೋದಾಗ ತೊಡೆ ಮುಳುಗಿತು. ಟೇಪಿನ ತುದಿಯನ್ನು ನೀರೊಳಗೆ ನೆಲಕ್ಕೆ ಮೆಟ್ಟಿ, ಬೆಳ್ಳನೆಯ ಗೋಡೆಗೆ ಒತ್ತಿ ಹಿಡಿದು ನಿಂತಳು. ಬಾಗಿಲಿನಿಂದ ಅವಳು ನೆಟ್ಟಗೆ ಕಾಣುತ್ತಿದ್ದಳು.

ಸಾಹೇಬ ನೀರಿನ ಅಂಚಿನ ಮೆಟ್ಟಿಲಲ್ಲಿ ನಿಂತುಬಿಟ್ಟ. “ಹುಚ್ಚಿ ಅದಿಯೇನ? ಹೊರಗ ಬಾ. ನೀರ ಇಳದ ಮ್ಯಾಲ ಬರ್ತೇನಿ. ಗೆರಿ ಬೀಳಲಿ, ಆಮ್ಯಾಲ ಬರೀತೇನಿ.”

“ಗೆರಿ ಯಾಕ್ರಿ? ನೀರಽ ಐತಲ್ಲ,” ಸಾವಕ್ಕ ಒಳಗಿನಿಂದ ಅಂದಳು. ದನಿ ಏರಿಸಲಿಲ್ಲ. “ಬೂಟ ಬಿಚ್ಚರಿ. ಬಂದ ನೋಡ್ರಿ. ನೋಡಿ ಬರೀರಿ.”

ಸಾಹೇಬ ಸಿಪಾಯಿಗೆ ಏನೋ ಅಂದು ವಾಪಸು ತಿರುಗಿದ. ಹಿಂದಿನ ಮೆಟ್ಟಿಲ ಮೇಲೆ ಪೂನಮ ನಿಂತಿದ್ದಳು. ಅವಳ ಪಕ್ಕ ಸಂಘಪಾಲ. ಅವರ ಹಿಂದೆ ಗೋಡೆ ತೊಳೆದ ಉಳಿದ ಹತ್ತೂ ಮನೆಯ ಹೆಂಗಸರು, ಕೊಡ ಸಿಲಿಂಡರುಗಳನ್ನು ಮೆಟ್ಟಿಲ ಮೇಲೆ ಇಳಿಸಿ, ಓಣಿಯ ಅಗಲಕ್ಕೂ ನಿಂತಿದ್ದರು.  ಸಿಪಾಯಿ ಛತ್ರಿ ಮಡಿಚಿ ಒಂದು ಬದಿಗೆ ಸರಿದ.

“ಹಣಮಂತ, ದಾರಿ ಬಿಡಸು,” ಸಾಹೇಬ ನನಗೆ ಅಂದ. ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದ.

ನಾನು ಪೂನಮಳ ಪಕ್ಕ ಹೋಗಿ ನಿಂತೆ.

ಸಾಹೇಬ ನಮ್ಮನ್ನು ನೋಡಿದ, ಹೊಳೆಯನ್ನು ನೋಡಿದ, ಮತ್ತೆ ನಮ್ಮನ್ನು ನೋಡಿದ. ಮಳೆ ಜೋರಾಯಿತು. ನೀರು ಅವನ ಮೆಟ್ಟಿಲಿಗೆ ಏರಿ ಬೂಟಿನೊಳಗೆ ಇಳಿಯಿತು.

“ನಾ ಹಿಡಕೊಂಡ ನಿಂತೇನ್ರಿ,” ಒಳಗಿನಿಂದ ಸಾವಕ್ಕ ಅಂದಳು. ನೀರು ಅವಳ ಸೊಂಟ ಮುಟ್ಟಿತ್ತು.